ಕಾಳಿಯಿಂದ ಶರಾವತಿಯವರೆಗೆ

ಮಾಂಜರಾ, ತೇರಣಾ ನದಿಗಳ ಸೀಮೆಯವರಾದ ನಮಗೆ ಸಮುದ್ರವೆಂದರೆ ಶಾಲೆಯ ನಕಾಶೆಯ ಎಡಬದಿಯಲ್ಲಿ ಕಾಣುವ ನೀಲಿ ಪಟ್ಟಿ. ನಿಲಂಗಾದ ನನ್ನ ಗೆಳೆಯರು ಒಕ್ಕಲುತನದವರು, ಉದಗೀರದ ಗೆಳೆಯರು ಅಡತಿ ಅಂಗಡಿಯವರು. ಅರವತ್ತು ದಾಟಿದರೂ ಇಬ್ಬರೂ ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಉಮರ್ಗಾದವನಾದ ನಾನು ಅಂಚೆ ಇಲಾಖೆಯ ಚಾಕರಿಯಲ್ಲಿದ್ದಾಗ ಒಮ್ಮೆ ಮುಂಬಯಿಗೆ ಹೋಗಿ, ಚೌಪಾಟಿಯಲ್ಲಿ ಕಾಲು ತೊಯ್ಯಿಸಿಕೊಂಡು ಬಂದಿದ್ದೆ, ಅಷ್ಟೇ. ನಾಲ್ಕನೆಯವರು ನಮ್ಮ ತಾಲೂಕಿನ ಗಡಿಹಳ್ಳಿಯೊಂದರ ಕನ್ನಡ ಶಾಲೆಯ ಮಾಸ್ತರರು. ನಿವೃತ್ತಿಗೆ ಅವರಿಗಿನ್ನು ಒಂದೇ ವರ್ಷ ಉಳಿದಿದೆ.

ಪ್ರವಾಸದ ಮಾತು ಹುಟ್ಟಿದ್ದು ಉದಗೀರದವರ ಮಗನಿಂದ. ಪುಣೆಯಲ್ಲಿ ನೌಕರಿಯಲ್ಲಿರುವ ಆತ, ‘ಅಪ್ಪಾ, ಗೆಳೆಯರು ಕೂಡಿ ಒಮ್ಮೆ ಕ್ರೂಸಿಗೆ ಹೋಗಿಬರ್‍ರಿ’ ಎಂದು ನಾರ್ವೆ ದೇಶದ ಹಡಗಿನ ಚಿತ್ರಗಳನ್ನು ಮೊಬೈಲಿಗೆ ಕಳುಹಿಸಿದ್ದ. ಹಿಮದ ಬೆಟ್ಟಗಳು, ಬೆಟ್ಟಗಳ ಸಂದಿಯಲ್ಲಿ ನುಗ್ಗಿದ ಸಮುದ್ರ, ಬಣ್ಣಬಣ್ಣದ ಮರದ ಮನೆಗಳಿರುವ ಬಂದರುಗಳು. 1893ರಲ್ಲಿ ಟಪಾಲು ಸಾಗಿಸಲು ಆರಂಭವಾದ ಆ ಹಡಗುಸಾಲು ಈಗ ಬರ್ಗೆನ್‌ನಿಂದ ರಷ್ಯಾ ಗಡಿಯ ಸಮೀಪದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತದೆ ಎಂದು ತಿಳಿದಾಗ ಹಳೆಯ ಅಂಚೆಯವನಾದ ನನ್ನ ಮನಸ್ಸು ಅರಳಿತು. ಖರ್ಚು ಕೇಳಿದ ಮೇಲೆ ಮುದುಡಿತು. ಆಗ ಮಾಸ್ತರರು, ‘ಉತ್ತರ ಧ್ರುವದ ಬಂದರು ಅಲ್ಲೇ ಇರಲಿ. ಉತ್ತರ ಕನ್ನಡದ ಬಂದರಾದರೂ ನೋಡೋಣಲ್ರಿ’ ಎಂದರು. ಹೀಗೆ ನಮ್ಮ ನೌಕಾಯಾನ ನಿಶ್ಚಯವಾಯಿತು. ಒಂದೇ ದೊಡ್ಡ ಹಡಗು ಅಲ್ಲಿಲ್ಲ. ಒಂದು ನದೀಮುಖದಿಂದ ಇನ್ನೊಂದಕ್ಕೆ ಬಸ್ಸು, ಪ್ರತಿಯೊಂದು ನದೀಮುಖದಲ್ಲಿ ಒಂದೊಂದು ದೋಣಿ.

ಸೊಲ್ಲಾಪುರದಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟಕ್ಕೆ ಬಂದೆವು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾದ 1860ರ ದಶಕದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕಾರವಾರದ ಬಂದರು ಸೇರುತ್ತಿತ್ತು. ಕಾರವಾರ ಎರಡನೆಯ ಮುಂಬಯಿಯಾಗುವುದೆಂಬ ಆಸೆ ಅಂದು ಬಹಳ ಜನರಿಗಿತ್ತು. 1880ರ ದಶಕದಲ್ಲಿ ಗೋವೆಯ ಮುರಗಾಂವಕ್ಕೆ ರೈಲುಹಾದಿ ಬಂದಾಗ ಸರಕು ಅತ್ತ ತಿರುಗಿತು. ಕಾರವಾರ ಶಾಂತವಾದ ಊರಾಗಿ ಉಳಿಯಿತು. ಪ್ರವಾಸಿಯ ಕಣ್ಣಿಗೆ ಅದು ಲಾಭವೇ ಸರಿ.

ಕಾರವಾರ

ದಂಡೆಯ ಮೇಲೆ ನಿಂತ ನಿಲಂಗಾದವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬಾಗಿ ಬೊಗಸೆಯಲ್ಲಿ ನೀರೆತ್ತಿ ತುಟಿಗೆ ಹಚ್ಚಿ, ಉಗುಳಿದರು. ‘ನಮ್ಮ ಜಿಲ್ಲಾಕ್ಕ ನೀರು ರೈಲಿನಾಗ ಬಂದಿತ್ತು. ಇಲ್ಲಿ ನೋಡಿದ್ರ ಕಣ್ಣು ಹೋಗೋತನಾ ನೀರು, ಕುಡಿಯಾಕ ಬರಾಂಗಿಲ್ಲ’ ಎಂದರು. 2016ರ ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ಲಾತೂರಿಗೆ 5 ಲಕ್ಷ ಲೀಟರ್ ನೀರು ಹೊತ್ತು ಮೊದಲ ರೈಲು ಬಂದ ದಿನ ಅವರು ನಿಲ್ದಾಣಕ್ಕೆ ಹೋಗಿ ನಿಂತಿದ್ದರಂತೆ. ಅಂಥವರು ಸಮುದ್ರವನ್ನು ಕಾಣುವ ಬಗೆ ಬೇರೆಯೇ.

ನಾವು ಹೋದದ್ದು ಪುಷ್ಯ ಹುಣ್ಣಿಮೆಯ ಸಮಯ. ಕಾರವಾರದ ಎದುರಿಗೆ ಆಮೆಯ ಬೆನ್ನಿನಂತೆ ತೇಲುವ ಕೂರ್ಮಗಡ ನಡುಗಡ್ಡೆಯಲ್ಲಿ ಅಂದು ನರಸಿಂಹ ದೇವರ ಜಾತ್ರೆ. ಮೀನುಗಾರರ ದೋಣಿಗಳೇ ಯಾತ್ರಿಕರ ಹಡಗುಗಳಾಗುತ್ತವೆ. 2019ರ ಜನವರಿ 21ರಂದು ಇದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮುಗುಚಿ 16 ಜನ ಅಸುನೀಗಿದರು. ಆದ್ದರಿಂದ ಜೀವರಕ್ಷಕ ಜಾಕೀಟು ತೊಡದೆ ದೋಣಿ ಏರಬಾರದು, ದೋಣಿಯಲ್ಲಿ ಜನ ಹೆಚ್ಚಾದರೆ ಇಳಿದುಬಿಡಬೇಕು ಎಂಬುದನ್ನು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ನಡುವಿನಿಂದ ಹಿಂದಿರುಗಿ ನೋಡಿದರೆ ಕಾರವಾರದ ಚೆಲುವು ಪೂರ್ಣವಾಗಿ ತೆರೆದುಕೊಳ್ಳುತ್ತದೆ: ಬೆನ್ನಿಗೆ ಹಸಿರು ಸಹ್ಯಾದ್ರಿ, ಉತ್ತರಕ್ಕೆ ಸೋಂದೆಯ ಅರಸರು ಕಟ್ಟಿದ ಸದಾಶಿವಗಡ, ಅದರ ಬುಡದಲ್ಲಿ ಕಾಳಿ ನದಿಯ ಅಗಲವಾದ ಬಾಯಿ, ಪಶ್ಚಿಮಕ್ಕೆ ದೇವಗಡ ನಡುಗಡ್ಡೆಯ ಮೇಲೆ 1864ರ ದೀಪಸ್ತಂಭ. ದಕ್ಷಿಣದ ಕೊಲ್ಲಿ ನೌಕಾಪಡೆಯ ಕದಂಬ ನೆಲೆಗೆ ಸೇರಿದ್ದು. ಅತ್ತ ದೋಣಿ ಹೋಗುವಂತಿಲ್ಲ. ಆ ನೆಲೆಗಾಗಿ ಹಲವು ಹಳ್ಳಿಗಳ ಜನ ಮನೆ, ಹೊಲ, ದಂಡೆಗಳನ್ನು ಬಿಟ್ಟು ಹೊರಟರು. 1993ರ ಕಿಲ್ಲಾರಿ ಭೂಕಂಪದ ನಂತರ ಹಳೆಯ ಊರುಗಳನ್ನು ಬಿಟ್ಟು ಹೊಸ ಊರುಗಳಿಗೆ ಹೋದವರ ನೆರೆಯಲ್ಲಿ ಬಾಳುವ ನಮಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಲಿಲ್ಲ.

ದೋಣಿ ನಡೆಸುತ್ತಿದ್ದ ತರುಣ ನಮ್ಮ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದ. ನಾವು ನಾಲ್ವರು ಕೂಡಿದಾಗ ಒಂದು ಮಾತು ಕನ್ನಡ, ಒಂದು ಮರಾಠಿ, ನಡುವೆ ದಖನಿ ಉರ್ದು ಬರುವುದು ವಾಡಿಕೆ.

‘ನೀವು ಮಹಾರಾಷ್ಟ್ರದವ್ರಾ?’ ಎಂದು ಕೇಳಿದ.

‘ಊರು ಮಹಾರಾಷ್ಟ್ರದಾಗ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ’ ಎಂದರು ಉದಗೀರದವರು.

ಅವನು ನಕ್ಕ. ‘ನಮ್ದು ಬೇರೆ ಥರ. ಮನೇಲಿ ಕೊಂಕಣಿ, ಶಾಲೇಲಿ ಕನ್ನಡ.’

ಆ ಮಾತಿಗೆ ಮಾಸ್ತರರು ಒಮ್ಮೆಲೆ ತಿರುಗಿ ಅವನ ಮುಖ ನೋಡಿದರು. ಅವರ ಮನಸ್ಸಿನಲ್ಲಿ ಮೂಡಿದ ದಿನಾಂಕ ನನ್ನ ಮನಸ್ಸಿನಲ್ಲೂ ಮೂಡಿತು: 1956ರ ನವೆಂಬರ್ 1. ಅಂದು, ಒಂದೇ ಕಾನೂನಿನಿಂದ, 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಕರಾವಳಿ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪೂರ ತಾಲೂಕುಗಳು ಬೀದರವನ್ನು ಬಿಟ್ಟು ಮುಂಬಯಿ ರಾಜ್ಯವನ್ನು ಸೇರಿದವು. ಉಸ್ಮಾನಾಬಾದ ಜಿಲ್ಲೆಯೊಡನೆ ನಮ್ಮ ಉಮರ್ಗಾ ಕೂಡ ಅತ್ತಲೇ ಹೋಯಿತು. ಒಂದೇ ಬೆಳಗಿನಲ್ಲಿ ಇವರು ಒಳಗೆ ಬಂದರು, ನಾವು ಹೊರಗುಳಿದೆವು ಎಂದು ನಾವು ಗಡಿಯವರು ಹೇಳಿಕೊಳ್ಳುತ್ತ ಬಂದಿದ್ದೇವೆ. ಆದರೆ ಒಳಗೆ ಬಂದವರೆಂದು ನಾವು ತಿಳಿದವರ ಮನೆಯಲ್ಲಿಯೂ ಶಾಲೆಯ ಹೊಸ್ತಿಲಲ್ಲಿ ಬದಲಾಗುವ ಒಂದು ಭಾಷೆ ಇತ್ತು ಎಂಬುದನ್ನು ನಾವು ಎಂದೂ ಯೋಚಿಸಿರಲಿಲ್ಲ. ‘ನಿಮ್ಮ ಮಕ್ಕಳಿಗೆ ಕೊಂಕಣಿ ಬರತದೇನಪಾ?’ ಎಂದು ಮಾಸ್ತರರು ಕೇಳಿದರು. ‘ಮಾತಾಡ್ತಾರೆ. ಬರಿಯೋಕೆ ಬರೋದಿಲ್ಲ’ ಎಂದ. ನಮ್ಮ ಹಳ್ಳಿಗಳ ಅರ್ಧಕ್ಕರ್ಧ ಮಕ್ಕಳು ಕನ್ನಡದ ಬಗ್ಗೆ ಕೊಡುವ ಉತ್ತರವೂ ಅದೇ.

ಸಂಜೆ ಕಾಳಿಯ ಮುಖಕ್ಕೆ ಬಂದೆವು. ಇಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆವು. ತರುಣ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ, ಬೆಳದಿಂಗಳ ರಾತ್ರಿಯಲ್ಲಿ ದೋಣಿಯೇರಿ ಇದೇ ನದಿಯಲ್ಲಿ ವಿಹರಿಸಿ, ಮುಖದ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮರಳುವಾಗ ಹಡಗಿನಲ್ಲಿ ಕುಳಿತು ನಾಟಕಕ್ಕಾಗಿ ಹಾಡುಗಳನ್ನೂ ಕಟ್ಟಿದರಂತೆ. ಬಂಗಾಳಿಯೊಬ್ಬನ ಎದೆಯಲ್ಲಿ ಹಾಡು ಹುಟ್ಟಿಸಿದ ಆ ಮರಳಿನ ಮೇಲೆ ನಾವು ಶೇಂಗಾ ಹಿಂಡಿ, ಕಟಕ ರೊಟ್ಟಿಯ ಗಂಟು ಬಿಚ್ಚಿದೆವು.

ಅಘನಾಶಿನಿ

ಮರುದಿನ ದಕ್ಷಿಣಕ್ಕೆ ಹೊರಟೆವು. ದಾರಿಯಲ್ಲಿ ಅಂಕೋಲೆ. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹದ ಕೇಂದ್ರವಾಗಿದ್ದ ಊರು. ಗೋಕರ್ಣದ ಸಮೀಪ ಸಾಣಿಕಟ್ಟಾದಲ್ಲಿ ಇಂದಿಗೂ ಸಮುದ್ರದ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಹೊಲದಲ್ಲಿ ಉಪ್ಪು ಬೆಳೆಯುವುದನ್ನು ಕಂಡ ನಿಲಂಗಾದವರು ತಮ್ಮ ತೊಗರಿಯ ಚಿಂತೆಯನ್ನು ಸ್ವಲ್ಪ ಹೊತ್ತು ಮರೆತರು.

ತದಡಿ ಬಂದರಿನಿಂದ ನದಿ ದಾಟಿ ಅಘನಾಶಿನಿ ಎಂಬ ಊರಿಗೆ ಹೋಗುವ ದೋಣಿಯಲ್ಲಿ ನಮ್ಮೊಡನೆ ಮೋಟಾರು ಸೈಕಲ್ಲುಗಳು, ಮೀನಿನ ಬುಟ್ಟಿಗಳು, ಶಾಲೆಯ ಮಕ್ಕಳು. ಶಿರಸಿಯ ಕಡೆ ಹುಟ್ಟಿ, ಒಂದೂ ದೊಡ್ಡ ಅಣೆಕಟ್ಟನ್ನು ಕಾಣದೆ ಸಮುದ್ರ ಸೇರುವ ನದಿ ಇದು. ಇದರ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಳಕಾಲುದ್ದದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಿದ್ದರು.

ಅಲ್ಲಿಯ ಗಜನಿ ಗದ್ದೆಗಳನ್ನು ನೋಡುವುದೇ ಮಾಸ್ತರರ ಮುಖ್ಯ ಆಸೆಯಾಗಿತ್ತು. ಉಬ್ಬರದಲ್ಲಿ ಉಪ್ಪುನೀರು ನುಗ್ಗುವ ಈ ತಗ್ಗುಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಗೊಬ್ಬರ ಬೇಡ, ಔಷಧ ಬೇಡ. ಉದ್ದವಾಗಿ ಬೆಳೆದು ನೀರಿನ ಮೇಲೆ ತಲೆಯೆತ್ತಿ ನಿಲ್ಲುತ್ತದೆ. ಕೊಯ್ಲಿನಲ್ಲಿ ತೆನೆಗಳನ್ನಷ್ಟೇ ಕೊಯ್ದು, ಹುಲ್ಲನ್ನು ಗದ್ದೆಗೇ ಬಿಡುತ್ತಾರೆ. ಮನೆಯ ಅಂಗಳದಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಕರೆದು ನೀರು, ಬೆಲ್ಲ ಕೊಟ್ಟು ಮಾತಿಗಿಳಿದರು.

‘ಉಪ್ಪುನೀರಿನೊಳಗ ಬೆಳೀತದಂದ್ರ ಇದಕ್ಕ ಸಾವಿಲ್ಲ ಬಿಡ್ರಿ’ ಎಂದರು ಉದಗೀರದವರು.

‘ಹಾಗಲ್ಲ’ ಎಂದರು ಆ ಹಿರಿಯರು. ‘ಕಗ್ಗ ಉಪ್ಪು ತಡೀತದೆ. ಆದ್ರೆ ಒಡ್ಡು ಒಡೆದ್ರೆ ಕಗ್ಗವೂ ಉಳಿಯೂದಿಲ್ಲ. ಒಡ್ಡು ಒಬ್ಬನ ಕೈಲಿ ಕಟ್ಟೂಕೆ ಆಗೂದಿಲ್ಲ. ಊರೇ ಸೇರಬೇಕು.’

ಮೊದಲು ಊರಿನ ಜನ ಕೂಡಿ ಪ್ರತಿವರ್ಷ ಮಣ್ಣಿನ ಒಡ್ಡನ್ನು ಸರಿಪಡಿಸುತ್ತಿದ್ದರು. ಹಲಗೆಯ ತೂಬುಗಳನ್ನು ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುತ್ತಿದ್ದರು. ಒಡ್ಡು ಕಾಯುವವರು ಕಡಿಮೆಯಾದಂತೆ ಹಲವು ಗದ್ದೆಗಳು ಸಿಗಡಿ ಸಾಕುವ ಹೊಂಡಗಳಾದವು, ಕೆಲವು ಪಾಳು ಬಿದ್ದವು. ಅವರು ದೂರುವ ದನಿಯಲ್ಲಿ ಹೇಳಲಿಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದರು. ಹೊರಡುವಾಗ ಎರಡು ಸೇರು ಕೆಂಪಕ್ಕಿಯನ್ನು ಚೀಲಕ್ಕೆ ಹಾಕಿ ಕೊಟ್ಟರು; ಹಣ ಮುಟ್ಟಲಿಲ್ಲ. ಮಾಸ್ತರರು ಆ ಚೀಲವನ್ನು ಬಸ್ಸಿನಲ್ಲಿ ಯಾರ ಕೈಗೂ ಕೊಡದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಹೊನ್ನಾವರ

ಶರಾವತಿಯ ದೋಣಿ ಕಾಂಡ್ಲಾ ಗಿಡಗಳ ನಡುವಿನ ಕಿರುದಾರಿಗಳಲ್ಲಿ ಸಾಗುತ್ತದೆ. ಗಿಡಗಳ ಬೇರುಗಳು ಕೆಸರಿನಿಂದ ಮೇಲೆದ್ದು ಗಾಳಿಗೆ ಬಾಯ್ದೆರೆದಿರುತ್ತವೆ. ಇಂಜಿನು ನಿಲ್ಲಿಸಿದರೆ ಹಕ್ಕಿಗಳ ಸದ್ದು, ಕೆಸರಿನ ಗುಳುಗುಳು. ಬಯಲಿಗೆ ಬಂದಾಗ ಕೊಂಕಣ ರೈಲ್ವೆಯ ಅತಿ ಉದ್ದನೆಯ ಸೇತುವೆ, 2 ಕಿಲೋಮೀಟರಿಗೂ ಮಿಕ್ಕಿದ್ದು, ನದಿಯ ಮೇಲೆ ಮೈಚಾಚಿ ಮಲಗಿದೆ. ನಾಲ್ಕು ಬಂದರುಗಳಲ್ಲಿ ನೋಟಕ್ಕೆ ಅತ್ಯಂತ ಚೆಲುವಾದುದು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ದೋಣಿಯಲ್ಲಿ ಕುಳಿತೇ ಮಾಸ್ತರರು ತಮ್ಮ ವಹಿಯನ್ನು ತೆರೆದರು. 14ನೆಯ ಶತಮಾನದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಈ ಹೊನ್ನಾವರಕ್ಕೆ ಬಂದಿದ್ದ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿರುವುದನ್ನು ಕಂಡು ಬರೆದಿಟ್ಟ. ಅರ್ಧ ಜಗತ್ತು ಸುತ್ತಿದವನಿಗೆ ಇಲ್ಲಿ ಎಣಿಸಿ ಬರೆಯಬೇಕೆನಿಸಿದ್ದು ಶಾಲೆಗಳನ್ನು.

‘ನನ್ನ ಸಾಲಿಯೊಳಗ ಈ ವರ್ಷ ಒಂದನೆತ್ತಾಗ ನಾಲ್ಕೇ ಹುಡುಗರು’ ಎಂದರು ಮಾಸ್ತರರು. ‘ಒಟ್ಟು ಹತ್ತೊಂಬತ್ತು. ನಾ ನಿವೃತ್ತನಾದ ಮ್ಯಾಲೆ ಬಾಗಿಲಾ ತೆರಿತಾರೋ ಇಲ್ಲೋ ಗೊತ್ತಿಲ್ಲ. ಎಣಸಾಕರೆ ಯಾರಾದರೂ ಬರಬೇಕಲ್ರಿ.’

ಮೂರು ದಿನ ಜೊತೆಯಲ್ಲಿದ್ದರೂ ಅವರು ಈ ಮಾತನ್ನು ಆಡಿರಲಿಲ್ಲ. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಏಕೆಂದರೆ ನಮ್ಮ ಮೂವರ ಮೊಮ್ಮಕ್ಕಳಲ್ಲಿ ಒಬ್ಬರೂ ಕನ್ನಡ ಶಾಲೆಗೆ ಹೋಗುವುದಿಲ್ಲ. ಸಭೆಗಳಲ್ಲಿ ಗಡಿನಾಡ ಕನ್ನಡದ ಬಗ್ಗೆ ಭಾಷಣ ಮಾಡಿದವನು ನಾನು. ನನ್ನ ಮೊಮ್ಮಗಳು ಹೋಗುವುದು ಇಂಗ್ಲಿಷ್ ಶಾಲೆಗೆ. ಒಡ್ಡು ಒಡೆಯುವುದು ಹೊರಗಿನ ತೆರೆಯಿಂದ ಮಾತ್ರವಲ್ಲ ಎಂಬುದು ಅಂದು ನೀರಿನ ಮೇಲೆ ಕುಳಿತು ನನಗೆ ಅರಿವಾಯಿತು.

ಕೊನೆಯ ದಿನ ಮುರುಡೇಶ್ವರದ ದಂಡೆಯಿಂದ ದೂರದ ನೇತ್ರಾಣಿ ನಡುಗಡ್ಡೆಯನ್ನು ಮಂಜಿನಲ್ಲಿ ಕಂಡು, ಒಂದು ಕಾಲಕ್ಕೆ ವಿಜಯನಗರಕ್ಕೆ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳವನ್ನು ಮುಟ್ಟಿ ಮರಳಿದೆವು. ಹೋಗಬಯಸುವವರು ಮಳೆಗಾಲದ ನಾಲ್ಕು ತಿಂಗಳು ಬಿಟ್ಟು ಹೋಗಬೇಕು. ಐದು ದಿನ ಸಾಕು. ಊಟಕ್ಕೆ, ಮಾತಿಗೆ ಎಲ್ಲಿಯೂ ಕೊರತೆಯಾಗದು.

ಊರಿಗೆ ಬಂದ ಮರುವಾರ ಮಾಸ್ತರರು ನಮ್ಮನ್ನು ಶಾಲೆಗೆ ಕರೆದರು. ಆ ಕೆಂಪಕ್ಕಿಯನ್ನು ಶಾಲೆಯ ಒಲೆಯ ಮೇಲೆ ಬೇಯಿಸಿದ್ದರು. ಸಮುದ್ರದ ನೀರಿನಲ್ಲಿ ಬೆಳೆದ ಅಕ್ಕಿ ಎಂದು ಹೇಳಿದಾಗ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು, ‘ಹಂಗಾದ್ರ ಉಪ್ಪುಪ್ಪು ಇರತದೇನ್ರಿ ಸರ್?’ ಎಂದು ಕೇಳಿದಳು. ‘ತಿಂದು ನೋಡವ್ವಾ’ ಎಂದರು. ಹತ್ತೊಂಬತ್ತು ಮಕ್ಕಳು ಒಂದೊಂದು ತುತ್ತು ತಿಂದರು. ಉಪ್ಪಿರಲಿಲ್ಲ, ಅಡುಗೆಯವ್ವ ಮೇಲೆ ಉಪ್ಪು ಹಾಕಬೇಕಾಯಿತು.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ಮಾಸ್ತರರ ಜೊತೆ ನಾವು ಮೂವರೂ ಆ ಹಳ್ಳಿಯ ಮನೆಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅದಕ್ಕೂ ಮೊದಲು ಪ್ರತಿ ರವಿವಾರ ನನ್ನ ಮೊಮ್ಮಗಳಿಗೆ ಕನ್ನಡ ಅಕ್ಷರ ಕಲಿಸುವ ಕೆಲಸ ನನ್ನ ಮನೆಯಲ್ಲಿಯೇ ಕಾದಿದೆ. ಮೊದಲ ಪಾಠಕ್ಕೆ ‘ಕ’ ತೆಗೆದುಕೊಂಡಿದ್ದೇನೆ: ಕಗ್ಗ.