ನೀರು ಮೊದಲು ಬರುವ ಕೇರಿ

ಮಲಪ್ರಭೆ ತುಂಬಿ ಬಂದಳೆಂದರೆ ಮೊದಲು ಬಡಿಯುವುದು ನಮ್ಮ ಕೇರಿಯ ಬಾಗಿಲನ್ನೇ. ಊರು ದಿಬ್ಬದ ಮೇಲೆ, ನಾವು ತಗ್ಗಿನಲ್ಲಿ. ಈ ತಗ್ಗನ್ನು ನಾವು ಆರಿಸಿಕೊಂಡದ್ದಲ್ಲ. ಊರ ಹೊಲಸು ನೀರು ಹರಿದುಹೋಗುವ ಕಡೆ ನಮ್ಮ ಹಿರಿಯರನ್ನು ಇಟ್ಟರು. ನೆರೆಯೆಂದರೆ ನಿಸರ್ಗದ ಮುನಿಸು ಅಂತ ಯಾರಾದರೂ ಭಾಷಣ ಮಾಡಿದರೆ ನಮಗೆ ನಗು ಬರುತ್ತದೆ. ಮಳೆ ನಿಸರ್ಗದ್ದು, ಖರೆ. ತಗ್ಗು ಯಾರದು?

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವೆಲ್ಲ ಮುಳುಗಿದಾಗ ನಾವು ಸಣ್ಣವರು. ಅಪ್ಪಂದಿರ ಹೆಗಲ ಮೇಲೆ ಕೂತು ಸಾಲಿಗುಡಿ ಸೇರಿದೆವು. ಅಲ್ಲಿ ಗಂಜಿಗೆ ಎರಡು ಸಾಲು ನಿಂತವು. ನೀರು ಎಲ್ಲರನ್ನೂ ಮುಟ್ಟಿತ್ತು, ಮನುಷ್ಯರು ಮಾತ್ರ ಮುಟ್ಟಲಿಲ್ಲ. ಆಮೇಲೆ ಹೊಸ ಜಾಗದಲ್ಲಿ ಮನೆ ಕಟ್ಟಿಕೊಟ್ಟರು. ಮನೆ ಅಲ್ಲಿ, ಕೂಲಿ ಇಲ್ಲಿ. ಬಾಳ ಮಂದಿ ಮತ್ತೆ ತಗ್ಗಿಗೇ ಬಂದರು. 2019ರ ಆಗಸ್ಟಿನಲ್ಲಿ ಹೊಳಿ ಮತ್ತೆ ಬಂತು. ಜಲಾಶಯದಿಂದ ನೀರು ಬಿಟ್ಟ ಸುದ್ದಿ ಕೇರಿಗೆ ಮುಟ್ಟುವ ಹೊತ್ತಿಗೆ ನೀರೇ ಮುಟ್ಟಿತ್ತು. ಪಟ್ಟದಕಲ್ಲಿನ ಗುಡಿಗಳು ನೀರಲ್ಲಿ ನಿಂತ ಚಿತ್ರ ಪೇಪರಿನಲ್ಲಿ ಬಂತು. ನಮ್ಮವು ಮಣ್ಣಿನ ಗೋಡೆ. ಚಿತ್ರ ತೆಗೆಯುವಷ್ಟು ಹೊತ್ತೂ ನಿಲ್ಲಲಿಲ್ಲ.

ಈ ಹೊಳಿ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು ದಾಟಿ, ರಾಮದುರ್ಗ, ನರಗುಂದ, ರೋಣ, ಬಾದಾಮಿ ತಾಲೂಕುಗಳ ಊರು ತೊಳೆದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಬೆಳಗಾವಿ, ಗದಗ, ಬಾಗಲಕೋಟೆ ಮೂರೂ ಜಿಲ್ಲೆಗೆ ಇದೇ ನೀರು. ಧಾರವಾಡ ಜಿಲ್ಲೆಯ ಮಳೆ ಹೊತ್ತ ಬೆಣ್ಣಿಹಳ್ಳ ಅಣೆಕಟ್ಟಿನ ಕೆಳಗೆ ಬಂದು ಕೂಡುತ್ತದೆ. ನೀರು ಒಂದು, ಪಂಚಾಯ್ತಿಗಳು ಹತ್ತಾರು. ಒಬ್ಬರ ಕ್ರಿಯಾಯೋಜನೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಬೇರೆಯವರನ್ನಷ್ಟೇ ಬಯ್ಯುವುದು ಬೇಡ. ನಮ್ಮೂರವರು ರಸ್ತೆ ಎತ್ತರಿಸಿದರು, ಸಾಕಷ್ಟು ಮೋರಿ ಇಡಲಿಲ್ಲ. ರಸ್ತೆಗೆ ತಡೆದ ನೀರು ಹಿಂದೆ ಸರಿದು ಮೇಲಿನ ಊರಿನ ಕೇರಿ ಹೊಕ್ಕಿತು. ಅಲ್ಲಿದ್ದವರು ನಮ್ಮ ಬೀಗರು. ಆ ರಸ್ತೆ ಆದಾಗ ನಾವೂ ಚಪ್ಪಾಳೆ ತಟ್ಟಿದ್ದೆವು.

ಕಾನೂನು ಇಲ್ಲದೆ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳೂ ವಿಪತ್ತಿನ ಯೋಜನೆ ಮಾಡಬೇಕು. ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿ ಕೊಟ್ಟಿದೆ. ಹಳ್ಳಿ ಪಟ್ಟಣಗಳ ಯೋಜನೆಗಳನ್ನು ಕೂಡಿಸಿ, ನೀರು ನೆಲದಂಥ ಸಮಾನ ಸಂಗತಿ ನೋಡಬೇಕು ಎಂದಿದೆ. ಆದರೆ ಸಮಿತಿ ಜಿಲ್ಲೆಯ ಗಡಿಗೆ ನಿಲ್ಲುತ್ತದೆ, ಹೊಳಿ ನಿಲ್ಲುವುದಿಲ್ಲ. ಹೊಳಿ ದಂಡೆಯ ಪಂಚಾಯ್ತಿಗಳೇ ಕೂಡಿ ಕೂಡಬೇಕು. ಇದನ್ನು ನಾವು ಗ್ರಾಮಸಭೆಯಲ್ಲಿ ಓದಿ ಹೇಳಿದೆವು.

‘ತಮ್ಮಾ, ಓದಿದ್ದು ಸಾಕು, ಕುಂದ್ರು. ಹೊಳಿ ದಂಡಿ ಊರೆಲ್ಲಾ ಕೂಡಿಸಾಕ ಇದೇನು ಜಾತ್ರೀ ಏನು?’ ಎಂದರು ಮುಂದೆ ಕೂತವರು.

ಹಿಂದೆ ನೆಲದ ಮೇಲೆ ಕೂತಿದ್ದ ನಮ್ಮ ಕೇರಿಯ ಆಯಿ ಎದ್ದಳು. ‘ಯಪ್ಪಾ, ತೇರು ಎಳ್ಯಾಕ ಏಳೂರು ಕೂಡ್ತೀರಿ. ಜೀವಾ ಉಳಸಾಕ ಯಾಕ ಕೂಡಬಾರದು?’

ಸಭೆ ಸುಮ್ಮನಾಯಿತು. ಠರಾವು ಮಾತ್ರ ಆಗಲಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಗೇಟು ಎತ್ತುವ ಮುಂಚೆ ಮೇಲಿನ ಪಂಚಾಯ್ತಿ ಕೆಳಗಿನದಕ್ಕೆ ತಿಳಿಸಲಿ, ಡಂಗುರ ಮೊದಲು ಕೇರಿಯಲ್ಲಿ ಹೊಡೆಯಲಿ. ಒಡ್ಡು, ರಸ್ತೆ ಮಾಡುವ ಮುಂಚೆ ಆಚೆ ಈಚೆಯ ಊರವರನ್ನು ಕೇಳಲಿ. ದಿಬ್ಬದ ಮೇಲೆ, ಕೂಲಿಗೆ ಹತ್ತಿರ, ಹಕ್ಕುಪತ್ರದ ಜಾಗ ಕೊಡಲಿ. ಆ ಸಭೆಯಲ್ಲಿ ನಮ್ಮ ಅವ್ವಂದಿರು ಕುರ್ಚಿಯ ಮೇಲೆ ಕೂರಲಿ.

ಹೊಳಿ ದಂಡೆಯ ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮೂರ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಮೇಲಿನ ಊರಿನ ಅಧ್ಯಕ್ಷರ ಫೋನ್ ನಂಬರ್ ನಮ್ಮ ಪಂಚಾಯ್ತಿಯಲ್ಲಿ ಐತೇನು? ನಾವು ಕೇಳಿದ ದಿನ ನಮ್ಮಲ್ಲಿ ಇರಲಿಲ್ಲ.