ಗಾಜಿನಾಚೆ ಕಪ್ಪು, ಬೆಳ್ಳಿ

ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಕಡೆಯವರಿಗೆ ಬೀದರ್ ಎಂದರೆ ಹಗಲಿನ ಊರು. ಕಚೇರಿ, ಕೋರ್ಟು, ಆಸ್ಪತ್ರೆಯ ಕೆಲಸ ಮುಗಿಸಿ ಸಂಜೆಯ ಬಸ್ಸು ಹಿಡಿಯುವ ಅವಸರ. ದೀಪ ಹತ್ತಿದ ಮೇಲಿನ ಬೀದರ್ ನೋಡಬೇಕಾದರೆ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕು. ಜೊತೆಗೊಂದು ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು.

ಹಳೆಯ ಊರಿನ ನಡುವೆ 71 ಅಡಿ ಎತ್ತರದ ದುಂಡು ಗೋಪುರ ಚೌಬಾರಾ. ಅಲ್ಲಿಂದ ಕೋಟೆಯತ್ತ ನಡೆದರೆ 1472ರ ಮಹಮೂದ್ ಗವಾನ್ ಮದರಸಾ. ಈ ಪೇಟೆಯ ಆಸುಪಾಸಿನಲ್ಲೇ ಬಿದರಿ ಕೆಲಸದ ಅಂಗಡಿಗಳು. ಗಾಜಿನ ಹಿಂದೆ ಹೂದಾನಿ, ಹುಕ್ಕಾ, ಪೆಟ್ಟಿಗೆಗಳು. ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿ.

ಹಗಲು ಇದೇ ಗಾಜು ಕನ್ನಡಿಯಾಗುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಎರಡು ಮೈಗಳೂ ಸೇರಿ ಸುಮಾರು ನೂರಕ್ಕೆ 8 ಪಾಲನ್ನು ಹಿಂದಕ್ಕೆ ಕಳಿಸುತ್ತವೆ. ಬಿಸಿಲಿನ ಬೀದಿಯ 8 ಪಾಲು, ಒಳಗಿನ ಮಂದ ಬೆಳಕನ್ನು ಮುಚ್ಚಲು ಸಾಕು. ರಾತ್ರಿ ಒಳಗೆ ಬೆಳಕು, ಹೊರಗೆ ಕತ್ತಲೆ. ಗಾಜು ಇಲ್ಲವೇ ಇಲ್ಲವೆನಿಸುತ್ತದೆ. ಆದರೂ ಬೀದಿದೀಪದ ಬಿಂಬ ಉಳಿಯಬಹುದು. ಕ್ಯಾಮೆರಾವನ್ನು ಗಾಜಿಗೆ ತಾಗಿಸಿ, ಸುತ್ತ ಕಪ್ಪು ಬಟ್ಟೆ ಹಿಡಿದರೆ ಅದೂ ಮಾಯ. ಬಿಂಬವೆಲ್ಲ ಕೆಟ್ಟದ್ದೇ ಎಂದೇನೂ ಅಲ್ಲ. 1925ರಲ್ಲಿ ಪ್ಯಾರಿಸ್ಸಿನ ಅಂಗಡಿಯೊಂದರ ಚಿತ್ರ ತೆಗೆದ ಅಟ್ಜೆ, ಗಾಜಿನಲ್ಲಿ ಕಂಡ ಬೀದಿಯನ್ನೂ ಒಳಗಿನ ಗೊಂಬೆಗಳ ಜೊತೆ ಹಾಗೆಯೇ ಉಳಿಸಿಕೊಂಡ.

ನಿಜವಾದ ತೊಡಕು ಇರುವುದು ಬಿದರಿಯ ಕಪ್ಪಿನಲ್ಲಿ. ಕ್ಯಾಮೆರಾದ ಬೆಳಕಿನ ಅಳತೆ ಎದುರಿಗಿದ್ದುದೆಲ್ಲ ನಡುವಣ ಬೂದು ಎಂದೇ ಲೆಕ್ಕ ಹಾಕುತ್ತದೆ. ಕಪ್ಪು ತುಂಬಿದ ಕಿಟಕಿ ಕಂಡರೆ ಬೆಳಕು ಸಾಲದೆಂದು ತಿಳಿದು ಹೆಚ್ಚು ಹೊತ್ತು ತೆರೆದಿರುತ್ತದೆ. ಆಗ ಕಪ್ಪು ಬೂದಾಗುತ್ತದೆ, ಬೆಳ್ಳಿಯ ಕುಸುರಿ ಬಿಳಿ ಮಚ್ಚೆಯಾಗುತ್ತದೆ. ಒಂದೆರಡು ಹಂತ ಬೆಳಕು ತಗ್ಗಿಸಬೇಕು. ಇಂದಿನ ಮೊಬೈಲಿನಲ್ಲಿಯೂ ಆ ಸೌಲಭ್ಯವಿದೆ.

ಆ ಕಪ್ಪು ಬಣ್ಣ ಬಳಿದದ್ದಲ್ಲ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿದ ಲೋಹವನ್ನು ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸುತ್ತಾರೆ. ಬಳಿಕ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ದ್ರಾವಣ ತಗುಲಿಸಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಕೆ ದೊರೆಯಿತು. 2023ರಲ್ಲಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು.

ದೂರದ ಕೊಳ್ಳುವವನಿಗೆ ವಸ್ತುವಿಗಿಂತ ಮೊದಲು ಕಾಣುವುದು ಅದರ ಚಿತ್ರ. ಚಿತ್ರದಲ್ಲಿ ಕಪ್ಪು ಮಾಸಿದರೆ ಮಾಸಿದ್ದು ಕುಶಲಕರ್ಮಿಯ ದುಡಿಮೆ. ಆದ್ದರಿಂದ ಮಕ್ಕಳು ಅಂಗಡಿಯವರ ಒಪ್ಪಿಗೆ ಕೇಳಿ, ನಿಧಾನವಾಗಿ, ಕಪ್ಪು ಕಪ್ಪಾಗಿಯೇ ಬರುವ ತನಕ ತೆಗೆಯಲಿ. ತಂದೆತಾಯಿ ಬಟ್ಟೆ ಹಿಡಿದು ನಿಲ್ಲಲಿ.