ಮಾಲಗಾಂವದ ಎಲೆತೋಟದಲ್ಲಿ ಕಲಿತ ಪಾಠ

ಬೆಳಗಾವಿಯಿಂದ ರೈಲು ಹತ್ತಿದರೆ ಘಟಪ್ರಭಾ, ರಾಯಬಾಗ, ಕುಡಚಿ ದಾಟಿದ ಮೇಲೆ ಕೃಷ್ಣಾ ನದಿಯ ಸೇತುವೆ ಸಿಗುತ್ತದೆ. ಉಗಾರ, ಶೇಡಬಾಳ ಕಳೆಯುವಷ್ಟರಲ್ಲಿ ರಾಜ್ಯದ ಗಡಿ ಮುಗಿದು ಮಿರಜ ಬರುತ್ತದೆ. ಉತ್ತರ ಕರ್ನಾಟಕದ ಅನೇಕ ಕುಟುಂಬಗಳಿಗೆ ಮಿರಜ ಎಂದರೆ ಡಾ. ವಿಲಿಯಂ ವಾನ್ಲೆಸ್‌ರವರು 1894ರಲ್ಲಿ ಸ್ಥಾಪಿಸಿದ ಮಿಷನ್ ಆಸ್ಪತ್ರೆ. ಸಂಗೀತ ಬಲ್ಲವರಿಗೆ ಅದು ಸಿತಾರ, ತಂಬೂರಿಗಳ ಊರು. ಇಲ್ಲಿಯ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆಯಿತು. ಅದೇ ತಾಲೂಕಿನ ಮಾಲಗಾಂವ ವೀಳ್ಯದೆಲೆ ತೋಟಗಳಿಗೆ ಹೆಸರಾದ ಹಳ್ಳಿ. ಮರಾಠಿ ಅಲ್ಲಿಯ ಮಾತು. ನಡುನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ.

ಎಲೆತೋಟವನ್ನು ಒಮ್ಮೆಯಾದರೂ ನೋಡಬೇಕು. ಆಸರೆಯ ಮರಗಳಿಗೆ ಬಳ್ಳಿ ಹಬ್ಬಿಸಿರುತ್ತಾರೆ. ವರ್ಷಕ್ಕೊಮ್ಮೆ ಬಳ್ಳಿಯನ್ನು ಕೆಳಗಿಳಿಸಿ, ಸುತ್ತಿ ಮಣ್ಣಿನಲ್ಲಿ ಹೂತು, ತುದಿಯನ್ನು ಮತ್ತೆ ಮೇಲಕ್ಕೆ ಹಬ್ಬಿಸುತ್ತಾರೆ. ಒಳಗೆ ಸದಾ ತಂಪು. ಎಲೆಗಳ ಸಂದಿಯಿಂದ ಬಿಸಿಲು ಕಡ್ಡಿ ಕಡ್ಡಿಯಾಗಿ ಇಳಿಯುತ್ತದೆ. ಕ್ಯಾಮೆರಾ ಇದ್ದವನ ಕೈ ಸುಮ್ಮನಿರದ ಜಾಗ ಅದು.

ಕೆಲವು ಯುವಕರೊಡನೆ ನಾನು ಅಲ್ಲಿಗೆ ಹೋಗಿದ್ದಾಗ, ತೋಟದ ಹಿರಿಯರು ಚಪ್ಪಲಿ ಹೊರಗೆ ಬಿಡಲು ಹೇಳಿದರು. ಎಲ್ಲರೂ ಬಿಟ್ಟೆವು. ಒಳಗೆ ನಾಲ್ವರು ಹೆಣ್ಣುಮಕ್ಕಳು ಎಲೆ ಎಣಿಸಿ ಜೋಡಿಸುತ್ತಿದ್ದರು. ನಮ್ಮ ಹುಡುಗನೊಬ್ಬ ಮಾತಿಲ್ಲದೆ ಮೊಬೈಲ್ ಎತ್ತಿದ. ಅವರಲ್ಲಿ ಚಿಕ್ಕವಳು ತಟ್ಟನೆ ಸೆರಗು ಎಳೆದುಕೊಂಡು ಅತ್ತ ತಿರುಗಿದಳು. ಹಿರಿಯ ತಾಯಿಯೊಬ್ಬರು ನಗುತ್ತಲೇ ಕೇಳಿದರು: “ತಮ್ಮಾ, ತ್ವಾಟದಾಗ ಬರಾಕ ಚಪ್ಪಲಿ ಬಿಟ್ಟಿ. ಫೋಟೋ ಹೊಡಿಯಾಕ ಒಂದ ಮಾತ ಕೇಳಿದ್ರ ಏನಾಕ್ಕಿತ್ತು?”

ಹುಡುಗ ನಾಚಿ ಮೊಬೈಲ್ ಇಳಿಸಿದ. ಆ ತಾಯಿಯೇ ಮತ್ತೆ ಹೇಳಿದರು: “ನಂದ ತಗಿ. ಆಕೀದು ಬ್ಯಾಡ. ಆಕಿ ಮನ್ಯಾಗ ಸಿಟ್ಟಾಗತಾರ.”

ನಮಗೆ ಅದೊಂದು ಚಂದದ ಚಿತ್ರ. ಆ ಚಿಕ್ಕವಳಿಗೆ ಮನೆಯಲ್ಲಿ ಒಂದು ಜಗಳ. ತೆಗೆಯುವವನಿಗೆ ಕಾಣದ್ದು ಇದೇ.

ಕೇಳಿದರೆ ಚಿತ್ರದ ಸಹಜತೆ ಕೆಡುತ್ತದೆ ಎಂದು ಹಲವರು ವಾದಿಸುತ್ತಾರೆ. ಆ ದಿನ ಹಾಗಾಗಲಿಲ್ಲ. ಒಪ್ಪಿಗೆ ಸಿಕ್ಕ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತೆವು. ಅವರು ನಮ್ಮನ್ನು ಮರೆತು ಕೆಲಸದಲ್ಲಿ ತೊಡಗಿದರು. ಹುಡುಗ ಹತ್ತಿರದಿಂದ ಎಲೆ ಎಣಿಸುವ ಬೆರಳುಗಳನ್ನು ತೆಗೆದ. ದೂರದಿಂದ, ಹಸಿರಿನ ನಡುವೆ ಆ ತಾಯಿಯ ಮುಖ ಮಾತ್ರ ಬೆಳಕಿಗೆ ಬಂದಾಗ ಇನ್ನೊಂದು ತೆಗೆದ. ಯಾರನ್ನು ಚೌಕಟ್ಟಿನೊಳಗೆ ಸೇರಿಸಬೇಕು, ಯಾರನ್ನು ಹೊರಗಿಡಬೇಕು ಎಂಬುದು ಚಿತ್ರಕಲೆಯ ಮೊದಲ ಪಾಠ. ಮರ್ಯಾದೆಯ ಪಾಠವೂ ಅದೇ. ಬೆನ್ನು, ನೆರಳು, ಕೈಗಳು, ಕೆಲಸದ ಸಲಕರಣೆ ಇವುಗಳಿಂದಲೂ ಒಂದು ಬದುಕನ್ನು ತೋರಿಸಬಹುದು.

ಹಾಗೆಂದು ಕೇಳದೆ ತೆಗೆದ ಚಿತ್ರಗಳೆಲ್ಲ ತಪ್ಪು ಎನ್ನಲಾಗದು. ಜಾತ್ರೆ, ಸಂತೆ, ರೈಲು ನಿಲ್ದಾಣಗಳಲ್ಲಿ ಪ್ರತಿಯೊಬ್ಬರನ್ನೂ ಕೇಳಲು ಸಾಧ್ಯವೇ? ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಂಥವರು ಸಾಮಾನ್ಯ ಜನರತ್ತ ಕ್ಯಾಮೆರಾ ತಿರುಗಿಸದಿದ್ದರೆ ಆ ಕಾಲದ ಬದುಕು ನಮಗೆ ಕಾಣುತ್ತಿರಲಿಲ್ಲ. ಅವರ ಚಿತ್ರಗಳಲ್ಲಿ ಬಡವರು ಕನಿಕರದ ವಸ್ತುವಾಗಿಲ್ಲ, ಮನುಷ್ಯರಾಗಿದ್ದಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ತೆಗೆದ ಕೂಲಿಕಾರ ತಾಯಿಯ ಚಿತ್ರ ಲೋಕಪ್ರಸಿದ್ಧವಾಯಿತು. ಆದರೆ ಆ ತಾಯಿಯ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ. ತನ್ನ ಹೆಸರನ್ನೂ ಕೇಳಲಿಲ್ಲ, ಒಂದು ಕಾಸೂ ಸಿಗಲಿಲ್ಲ ಎಂಬ ನೋವು ಅವರಿಗಿತ್ತು.

ನಮ್ಮ ನಾಡಿನಲ್ಲೂ 2025ರಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದ ಆರೋಪದಲ್ಲಿ ಒಬ್ಬನನ್ನು ಪೊಲೀಸರು ಬಂಧಿಸಿದರು. ಬೀದಿಯಲ್ಲಿದ್ದವರು ಎಲ್ಲರ ಸೊತ್ತು ಎಂಬ ಭಾವನೆಗೆ ಕಾನೂನಿನ ಬೆಂಬಲವೂ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಒಬ್ಬರ ಖಾಸಗಿತನ ಹೋಗಿಬಿಡುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಬೀದಿಯಲ್ಲಿ ಚಿತ್ರ ತೆಗೆಯುವುದೇ ಅಪರಾಧವೆಂದು ಇದರ ಅರ್ಥವಲ್ಲ. ತೆಗೆಯುವವನಿಗೂ ಒಂದು ಜವಾಬ್ದಾರಿ ಇದೆ ಎಂದರ್ಥ.

ಪ್ರಿಯ ಓದುಗರೇ, ಇಂದು ಪ್ರತಿ ಮನೆಯಲ್ಲೂ ಕ್ಯಾಮೆರಾ ಇದೆ. ಹಬ್ಬದ ಮೆರವಣಿಗೆಯಲ್ಲಿ, ಸಾವಿನ ಮನೆಯಲ್ಲಿ, ಬಡವರಿಗೆ ಅಕ್ಕಿ ಹಂಚುವಾಗ ನಾವೂ ಮೊಬೈಲ್ ಎತ್ತುತ್ತೇವೆ. ಅಕ್ಕಿ ಪಡೆಯುವ ಕೈ ಚಿತ್ರದಲ್ಲಿದ್ದರೆ ಸಾಲದೇ? ತಲೆತಗ್ಗಿಸಿದ ಆ ಮುಖವೂ ಬೇಕೇ? ಮಕ್ಕಳ ಚಿತ್ರವಾದರೆ ತಂದೆತಾಯಿಯರನ್ನು ಕೇಳಿರಿ. ಕೇಳಲು ಸಮಯವಿರದಿದ್ದರೆ ತೆಗೆದ ಮೇಲೆ ತೋರಿಸಿರಿ. ಬೇಡವೆಂದರೆ ಅವರ ಎದುರೇ ಅಳಿಸಿರಿ. ನನ್ನ ತಾಯಿ, ತಂಗಿ ಈ ಸ್ಥಿತಿಯಲ್ಲಿದ್ದರೆ ಈ ಚಿತ್ರವನ್ನು ಹತ್ತು ಜನರಿಗೆ ಕಳುಹಿಸುತ್ತಿದ್ದೆನೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ಸಿಗುತ್ತದೆ.

ಮತ್ತೊಂದು ಮಾತು. ಚಿತ್ರ ಚೆನ್ನಾಗಿ ಬಂದರೆ ಅದರ ಒಂದು ಪ್ರತಿಯನ್ನು ಅದರಲ್ಲಿರುವವರಿಗೂ ತಲುಪಿಸಿರಿ. ಆ ಚಿತ್ರದಲ್ಲಿ ಅರ್ಧ ಪಾಲು ಅವರದೇ.